ಲಿಂಕಿನ ಕಮಿಷನ್ನು, ತೋಟದ ಪಹಣಿ ಮತ್ತು ತೆರಿಗೆ

ಅಫಿಲಿಯೇಟ್ ಮಾರ್ಕೆಟಿಂಗ್‌ನಲ್ಲಿ ದುಡ್ಡು ಮಾಡುವುದು ಹೇಗೆ ಅಂತ ಹೇಳುವ ಕನ್ನಡ ವಿಡಿಯೋಗಳು ಬೇಕಾದಷ್ಟಿವೆ. ಬಂದ ದುಡ್ಡಿನಲ್ಲಿ ಕೈಗೆ ಉಳಿಯುವುದೆಷ್ಟು, ಅದನ್ನು ಯಾವ ಫಾರಂನಲ್ಲಿ ತೋರಿಸಬೇಕು ಅಂತ ಹೇಳುವವರು ಕಡಿಮೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮನೆಯಲ್ಲೇ ಕೂತು ಈ ಕೆಲಸ ಮಾಡುವ ಹುಡುಗ ಹುಡುಗಿಯರು ನನಗೆ ಹಲವರು ಗೊತ್ತು. ಕುಮಟಾ, ಕಾರವಾರದಲ್ಲೂ ಇದ್ದಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಹಾಗಾಗಿ ಒಮ್ಮೆ ಉದ್ದಕ್ಕೆ ಬರೆದುಬಿಡೋಣ ಅನ್ನಿಸಿತು. ನಾನು ಸಿಎ ಅಲ್ಲ, ಇದೇ ಕಮಿಷನ್ನಿನ ಮೇಲೆ ಬದುಕು ನಡೆಸುವವ. ಕಳೆ ಕತ್ತರಿಸುವ ಮಷೀನು, ಔಷಧಿ ಹೊಡೆಯುವ ಪಂಪು, ಮಳೆಗಾಲಕ್ಕೆ ಬೇಕಾದ ಇನ್ವರ್ಟರು, ತಲೆಗೆ ಕಟ್ಟುವ ಟಾರ್ಚು, ಇಂಥವುಗಳ ಬಗ್ಗೆ ಬರೆಯುತ್ತೇನೆ. ಓದಿದವರು ನನ್ನ ಲಿಂಕಿನಿಂದ ಕೊಂಡರೆ ನನಗೆ ಒಂದು ಪಾಲು ಬರುತ್ತದೆ.

ಆ ಪಾಲು ಲೆಕ್ಕಕ್ಕೆ ಬರುವ ಮೊದಲೇ ತೆರಿಗೆ ಒಮ್ಮೆ ಮುಟ್ಟಿ ಹೋಗಿರುತ್ತದೆ. ಸಾಮಾನ್ಯವಾಗಿ ಕಮಿಷನ್ ಕೊಡುವುದು ಜಿಎಸ್‌ಟಿ ಕಳೆದ ಬೆಲೆಯ ಮೇಲೆ. 18 ಪರ್ಸೆಂಟ್ ಜಿಎಸ್‌ಟಿ ಸೇರಿ 11,800 ರೂಪಾಯಿ ಬೆಲೆಯ ವಸ್ತು ಅಂತಿಟ್ಟುಕೊಳ್ಳಿ. ನಮ್ಮ ಲೆಕ್ಕ ಶುರುವಾಗುವುದು 10,000ದಿಂದ. 4 ಪರ್ಸೆಂಟ್ ದರ ಇದ್ದರೆ ಬರುವುದು 400. ಕೊಂಡವರು ವಸ್ತುವನ್ನು ವಾಪಸ್ ಕಳಿಸಿದರೆ ಅದೂ ಇಲ್ಲ. ಇಷ್ಟು ಸಣ್ಣ ಮೊತ್ತಗಳು ನೂರಾರು ಸೇರಿ ಒಂದು ತಿಂಗಳ ದುಡಿಮೆ ಆಗುತ್ತದೆ. ಅದಕ್ಕೇ ಇಲ್ಲಿ ಒಂದೆರಡು ಪರ್ಸೆಂಟ್ ಅಂದರೂ ದೊಡ್ಡ ಮಾತು.

ನಮ್ಮ ಕಣ್ಣಿಗೆ ಮೊದಲು ಬೀಳುವುದು ಟಿಡಿಎಸ್. ಕಮಿಷನ್ ಕೊಡುವ ಕಂಪನಿ ಸೆಕ್ಷನ್ 194ಎಚ್ ಪ್ರಕಾರ ಒಂದಷ್ಟನ್ನು ಮುರಿದುಕೊಂಡು ನಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುತ್ತದೆ. 2024ರ ಸೆಪ್ಟೆಂಬರ್ ಕೊನೆಯವರೆಗೆ ಆ ದರ 5 ಪರ್ಸೆಂಟ್ ಇತ್ತು. ಅಕ್ಟೋಬರ್ 1ರಿಂದ 2 ಪರ್ಸೆಂಟ್ ಆಯಿತು. ವರ್ಷಕ್ಕೆ 15,000 ದಾಟಿದರೆ ಮುರಿಯಬೇಕು ಅಂತಿದ್ದ ಮಿತಿ 2025ರ ಏಪ್ರಿಲ್‌ನಿಂದ 20,000 ಆಯಿತು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್‌ಗಳ, ಕೆಲವು ಫಾರಂಗಳ ನಂಬರು ಬದಲಾಗಿವೆ. ಆದರೆ ಎಲ್ಲರ ಬಾಯಲ್ಲಿರುವುದು ಹಳೆಯ ನಂಬರುಗಳೇ. ನಾನೂ ಅವನ್ನೇ ಬಳಸುತ್ತೇನೆ.

5ರಿಂದ 2ಕ್ಕೆ ಇಳಿದಿದ್ದು ಸಣ್ಣ ಸುದ್ದಿಯಾಗಿ ಬಂತು, ಹೋಯಿತು. ನಮ್ಮಂಥವರಿಗೆ ಅದು ಸಣ್ಣದಲ್ಲ. ವರ್ಷಕ್ಕೆ 6 ಲಕ್ಷ ಕಮಿಷನ್ ಬರುವ ಒಬ್ಬಳಿಗೆ ಮೊದಲು 30,000 ಮುರಿಯುತ್ತಿದ್ದರು. ಈಗ 12,000 ಮುರಿಯುತ್ತಾರೆ. ಖರ್ಚು ಕಳೆದು ಅವಳ ಆದಾಯ 5 ಲಕ್ಷ ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಅವಳು ಕಟ್ಟಬೇಕಾದ ತೆರಿಗೆ ಸೊನ್ನೆ. ಅಂದರೆ ಆ 30,000 ಅವಳದ್ದೇ ದುಡ್ಡು. ರಿಟರ್ನ್ ಹಾಕಿ, ಅದು ವಾಪಸ್ ಬರುವವರೆಗೆ ಕಾಯಬೇಕಿತ್ತು. ರಿಟರ್ನ್ ಹಾಕದಿದ್ದರೆ ಬರುವುದೇ ಇಲ್ಲ. 'ನಮ್ಗೆ ಟ್ಯಾಕ್ಸ್ ಬರೋದಿಲ್ಲ, ರಿಟರ್ನ್ ಯಾಕೆ?' ಅಂತ ಸುಮ್ಮನೆ ಕೂತು ಆ ದುಡ್ಡನ್ನು ಬಿಟ್ಟವರು ನನ್ನ ಬಳಗದಲ್ಲೇ ಇದ್ದಾರೆ. ಪ್ಯಾನ್ ಕೊಡದಿದ್ದರೆ ಇನ್ನೂ ಕಷ್ಟ, 20 ಪರ್ಸೆಂಟ್ ಹೋಗುತ್ತದೆ.

ಇನ್ನೊಂದು ಪದ್ಧತಿ ನಮ್ಮಲ್ಲಿ ಜಾಸ್ತಿ. ಮಗ ಇನ್ನೂ ಕಾಲೇಜು, ಅವನಿಗೆ ಪ್ಯಾನ್ ಆಗಿಲ್ಲ. ಹಾಗಾಗಿ ಆಯಿಯ (ಅಮ್ಮನ) ಪ್ಯಾನು, ಆಯಿಯ ಬ್ಯಾಂಕ್ ಖಾತೆ ಕೊಟ್ಟು ಅಫಿಲಿಯೇಟ್ ಖಾತೆ ತೆರೆಯುತ್ತಾನೆ. ವರ್ಷ ಕಳೆದ ಮೇಲೆ ಆಯಿಯ ಎಐಎಸ್‌ನಲ್ಲಿ, ಅಂದರೆ ಇಲಾಖೆಯ ಬಳಿ ಇರುವ ಅವರ ಆದಾಯದ ಪಟ್ಟಿಯಲ್ಲಿ, ಲಕ್ಷಗಟ್ಟಲೆ ಕಮಿಷನ್ ಕಾಣುತ್ತದೆ. ಅವರಿಗೆ ಅದರ ಗಂಧಗಾಳಿಯೂ ಇರುವುದಿಲ್ಲ. ಇಲಾಖೆಯಿಂದ ಮೆಸೇಜ್ ಬಂದಾಗ ಹೆದರುವವರು ಅವರೇ. ದಯವಿಟ್ಟು ಇದನ್ನು ಮಾಡಬೇಡಿ. ಪ್ಯಾನ್ ಮಾಡಿಸುವುದು ಈಗ ಕಷ್ಟದ ಕೆಲಸ ಅಲ್ಲ.

ಮುಂಗಡ ತೆರಿಗೆಯ ತೊಂದರೆ ಬೇರೆ ಥರದ್ದು. ಟಿಡಿಎಸ್ ಕಳೆದ ಮೇಲೂ ವರ್ಷದ ತೆರಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಬರುವುದಾದರೆ ಜೂನ್ 15ರೊಳಗೆ 15 ಪರ್ಸೆಂಟ್, ಸೆಪ್ಟೆಂಬರ್ 15ರೊಳಗೆ 45, ಡಿಸೆಂಬರ್ 15ರೊಳಗೆ 75, ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿರಬೇಕು. ತಪ್ಪಿದರೆ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ. ತಿಂಗಳ ಸಂಬಳದವರಿಗೆ ಕಂಪನಿಯೇ ಮುರಿದುಕೊಳ್ಳುತ್ತದೆ. ನಮ್ಮ ದುಡಿಮೆ ಹಬ್ಬದ ಸೇಲ್‌ಗೆ ಕಟ್ಟುಬಿದ್ದದ್ದು. ನವರಾತ್ರಿಯಿಂದ ದೀಪಾವಳಿವರೆಗೆ ಜನ ಕೊಳ್ಳುತ್ತಾರೆ. ವಾಪಸಾತಿಯ ಅವಧಿ ಮುಗಿದು, ಕಮಿಷನ್ ಖಚಿತವಾಗಿ ಖಾತೆಗೆ ಬರುವಾಗ ಇನ್ನೂ ಎರಡು ತಿಂಗಳಾಗಿರುತ್ತದೆ. ಡಿಸೆಂಬರ್ 15ಕ್ಕೆ ಮುಕ್ಕಾಲು ಪಾಲು ಕಟ್ಟು ಅಂದರೆ, ಇನ್ನೂ ಕೈಗೆ ಬಾರದ ದುಡ್ಡಿನ ಅಂದಾಜಿನ ಮೇಲೆ ಕಟ್ಟಬೇಕು. ವ್ಯಾಪಾರದ ಆದಾಯ ಮೊದಲ ಸಲ ಶುರುವಾದ ವರ್ಷಕ್ಕೆ ಕಾಯ್ದೆಯಲ್ಲಿ ಸ್ವಲ್ಪ ರಿಯಾಯಿತಿ ಇದೆ. ಎರಡನೇ ವರ್ಷಕ್ಕೆ ಇಲ್ಲ.

ಮಾರ್ಚ್ ತಿಂಗಳದ್ದೂ ಹಾಗೇ. ಮಾರ್ಚ್‌ನ ಕಮಿಷನ್ನನ್ನು ಕಂಪನಿ ಮಾರ್ಚ್‌ನ ಲೆಕ್ಕಕ್ಕೇ ಬರೆದು ಟಿಡಿಎಸ್ ಕಟ್ಟುತ್ತದೆ. ನಮಗೆ ದುಡ್ಡು ಬರುವುದು ಮೇ ತಿಂಗಳಲ್ಲಿ. ಫಾರಂ 26ಎಎಸ್‌ನಲ್ಲಿ, ಅಂದರೆ ನಮ್ಮ ಹೆಸರಲ್ಲಿ ಕಟ್ಟಿದ ಟಿಡಿಎಸ್‌ನ ಪಟ್ಟಿಯಲ್ಲಿ, ಒಂದು ವರ್ಷ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ವರ್ಷ. ಯಾವ ಪದ್ಧತಿಯಲ್ಲಿ ಲೆಕ್ಕ ಇಡುತ್ತೀರಿ ಅನ್ನುವುದನ್ನು ಶುರುವಿನಲ್ಲೇ ನಿರ್ಧರಿಸಿ, ಪ್ರತಿ ವರ್ಷ ಅದನ್ನೇ ಪಾಲಿಸಿದರೆ ಈ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಈಗ ನನಗೆ ನಿಜಕ್ಕೂ ನೋವು ಕೊಡುವ ವಿಷಯಕ್ಕೆ ಬರುತ್ತೇನೆ.

ಸಣ್ಣ ವ್ಯಾಪಾರಿಗಳಿಗಾಗಿ ಸೆಕ್ಷನ್ 44ಎಡಿ ಅಂತ ಒಂದು ಒಳ್ಳೆಯ ವ್ಯವಸ್ಥೆ ಇದೆ. ವರ್ಷದ ವಹಿವಾಟು 2 ಕೋಟಿಯೊಳಗೆ ಇದ್ದರೆ, ನಗದು ವ್ಯವಹಾರ 5 ಪರ್ಸೆಂಟ್ ಮೀರದಿದ್ದರೆ 3 ಕೋಟಿವರೆಗೂ, ವಿವರವಾದ ಲೆಕ್ಕಪುಸ್ತಕ ಇಡಬೇಕಿಲ್ಲ. ವಹಿವಾಟಿನ 8 ಪರ್ಸೆಂಟ್, ಬ್ಯಾಂಕ್ ಮೂಲಕ ಬಂದದ್ದಕ್ಕೆ 6 ಪರ್ಸೆಂಟ್ ಲಾಭ ಅಂತ ತೋರಿಸಿದರೆ ಸಾಕು. ಮುಂಗಡ ತೆರಿಗೆಯನ್ನೂ ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಬಹುದು. ವಕೀಲರು, ಡಾಕ್ಟರು, ಎಂಜಿನಿಯರುಗಳಂಥ ವೃತ್ತಿಯವರಿಗೆ 44ಎಡಿಎ ಇದೆ, ಅಲ್ಲಿ ಅರ್ಧದಷ್ಟನ್ನು ಲಾಭ ಅಂತ ಹಿಡಿಯುತ್ತಾರೆ. ಆದರೆ 44ಎಡಿಯ ಆರನೇ ಉಪಕಲಮು ಕೆಲವರನ್ನು ಹೊರಗಿಡುತ್ತದೆ. ಕಮಿಷನ್ ಅಥವಾ ದಲ್ಲಾಳಿ ಸ್ವರೂಪದ ಆದಾಯ ಇರುವವರು ಅದರಲ್ಲಿ ಸೇರಿದ್ದಾರೆ.

ಕೋಟಿ ರೂಪಾಯಿ ವಹಿವಾಟಿನ ಅಂಗಡಿಗೆ ತೆರೆದಿರುವ ಬಾಗಿಲು ವರ್ಷಕ್ಕೆ 3 ಲಕ್ಷ ಕಮಿಷನ್ ಬರುವ ಹುಡುಗಿಗೆ ಮುಚ್ಚಿದೆ. ಕಮಿಷನ್ ಅಂದರೆ ಹೆಚ್ಚುಕಡಿಮೆ ಪೂರ್ತಿ ಲಾಭವೇ, ಅದಕ್ಕೆ 8 ಪರ್ಸೆಂಟ್ ಹಿಡಿಯುವುದು ಸರಿಯಲ್ಲ ಅನ್ನುವುದು ಇದರ ಹಿಂದಿನ ವಿಚಾರ ಇರಬೇಕು. ಆ ವಿಚಾರದಲ್ಲಿ ಹುರುಳಿದೆ, ನಾನು ಒಪ್ಪುತ್ತೇನೆ. ಆದರೆ ಮಂಡಿಯಲ್ಲಿ ಕೂತು ಮಾತಿನಲ್ಲೇ ವ್ಯಾಪಾರ ಕುದುರಿಸುವ ದಲ್ಲಾಳಿಗೂ, ಪಂಪನ್ನು ತಂದು, ಮಳೆಯಲ್ಲಿ ತೋಟದಲ್ಲಿ ಓಡಿಸಿ, ಫೋಟೋ ತೆಗೆದು, ರಾತ್ರಿ ಕೂತು ಬರೆಯುವವರಿಗೂ ಒಂದೇ ಅಳತೆ ಹಿಡಿಯುವುದು ನ್ಯಾಯವೇ? ನಮಗೆ ಖರ್ಚಿದೆ. ಡೊಮೇನ್, ಹೋಸ್ಟಿಂಗ್, ಇಂಟರ್‌ನೆಟ್, ಕ್ಯಾಮೆರಾ, ಲ್ಯಾಪ್‌ಟಾಪ್. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಇನ್ವರ್ಟರ್ ಬ್ಯಾಟರಿ ಕೂಡ ಈ ಕೆಲಸದ ಖರ್ಚೇ.

ಬಾಗಿಲು ಮುಚ್ಚಿದೆ ಅಂದರೆ ಪೂರ್ತಿ ಲೆಕ್ಕದ ದಾರಿ ಹಿಡಿಯಬೇಕು. ಐಟಿಆರ್-3 ತುಂಬಬೇಕು. ಅದು ಉದ್ದದ ಫಾರಂ. ಅದನ್ನು ತುಂಬಿಸಲು ಕೊಡುವ ಫೀಸು ಸಣ್ಣ ದುಡಿಮೆಯವರಿಗೆ ತೆರಿಗೆಗಿಂತ ಜಾಸ್ತಿ ಬೀಳುತ್ತದೆ. ನನ್ನ ಮಟ್ಟಿಗೆ ಈ ಕೆಲಸದ ಮೇಲಿರುವ ನಿಜವಾದ ತೆರಿಗೆ ಇದೇ. ದರದ ಪಟ್ಟಿ ನೋಡಿದರೆ ಸರ್ಕಾರ ನಮ್ಮಿಂದ ಏನೂ ಕೇಳುತ್ತಿಲ್ಲ. ಆ 'ಏನೂ ಇಲ್ಲ' ಅನ್ನುವುದನ್ನು ಸಾಬೀತು ಮಾಡಲು ನಮ್ಮ ದುಡ್ಡೂ ದಿನಗಳೂ ಹೋಗುತ್ತವೆ.

ಕೆಲವು ಸಲಹೆಗಾರರು 'ಇದು ಕಮಿಷನ್ ಅಲ್ಲ, ಜಾಹೀರಾತು ಸೇವೆ, 44ಎಡಿಯಲ್ಲೇ ಹಾಕಿ' ಅನ್ನುತ್ತಾರೆ. ವಾದಕ್ಕೆ ಅವಕಾಶ ಇದೆ. ಆದರೆ ಕಂಪನಿ 194ಎಚ್ ಅಂತ ಬರೆದು ಟಿಡಿಎಸ್ ಕಟ್ಟಿರುವಾಗ, ಇಲಾಖೆಯ ಕಂಪ್ಯೂಟರಿನಲ್ಲಿ ಅದು ಕಮಿಷನ್ ಅಂತಲೇ ಕೂತಿರುತ್ತದೆ. ನಾಳೆ ನೋಟಿಸ್ ಬಂದರೆ ಉತ್ತರ ಕೊಡಬೇಕಾದವರು ನಾವು. ನಾನು ಐಟಿಆರ್-3 ದಾರಿಯಲ್ಲೇ ಹೋಗುತ್ತೇನೆ, ಕೇಳಿದವರಿಗೂ ಅದನ್ನೇ ಹೇಳುತ್ತೇನೆ. ಅದರಲ್ಲಿ ಒಂದು ಲಾಭವೂ ಇದೆ. ನಿಜವಾದ ಖರ್ಚನ್ನು ಕಳೆಯಬಹುದು. ಲ್ಯಾಪ್‌ಟಾಪಿಗೆ ವರ್ಷಕ್ಕೆ 40 ಪರ್ಸೆಂಟ್ ಸವಕಳಿ, ಅಂದರೆ ಹಳತಾದಂತೆ ಇಳಿಯುವ ಬೆಲೆ, ಖರ್ಚಾಗಿ ಸಿಗುತ್ತದೆ, ಕ್ಯಾಮೆರಾಕ್ಕೆ 15. ಬಿಲ್ ಇರಬೇಕು ಅಷ್ಟೇ. ಒಂದೇ ದಿನ ಒಬ್ಬರಿಗೆ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯುಪಿಐ ಮಾಡಿ, ಬಿಲ್ಲಿನ ಫೋಟೋ ಅಂದೇ ತೆಗೆದಿಡಿ. ನಮ್ಮ ಮಳೆಯಲ್ಲಿ ಕಾಗದ ಉಳಿಯುವುದಿಲ್ಲ, ಅಕ್ಷರವಂತೂ ಮೊದಲೇ ಮಾಸಿಹೋಗುತ್ತದೆ.

ಇನ್ನು ತೋಟದ ಮಾತು. ಬೇರೆ ಜಿಲ್ಲೆಯ ಅಫಿಲಿಯೇಟ್‌ಗಳಿಗೆ ಇದು ಅಷ್ಟು ತಾಗದೇ ಇರಬಹುದು, ನಮಗೆ ತಾಗುತ್ತದೆ. ಅಡಿಕೆಯ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ಕೃಷಿಯ ನಿವ್ವಳ ಆದಾಯ 5,000 ದಾಟಿ, ಬೇರೆ ಆದಾಯವೂ ತೆರಿಗೆಯ ಕನಿಷ್ಠ ಮಿತಿ ಮೀರಿದರೆ, ದರ ಎಷ್ಟು ಅಂತ ನೋಡಲು ಎರಡನ್ನೂ ಕೂಡಿಸುತ್ತಾರೆ. ಅಡಿಕೆಗೆ ತೆರಿಗೆ ಹಾಕುವುದಿಲ್ಲ, ಅಡಿಕೆಯಿಂದಾಗಿ ಕಮಿಷನ್ನಿನ ಮೇಲಿನ ತೆರಿಗೆ ಮೇಲಿನ ಹಂತಕ್ಕೆ ಹೋಗುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. 2025-26ರ ಹೊಸ ಪದ್ಧತಿಯ ದರ ತೆಗೆದುಕೊಳ್ಳಿ. 4 ಲಕ್ಷದವರೆಗೆ ಸೊನ್ನೆ, 4ರಿಂದ 8ಕ್ಕೆ 5 ಪರ್ಸೆಂಟ್, 8ರಿಂದ 12ಕ್ಕೆ 10, 12ರಿಂದ 16ಕ್ಕೆ 15, 16ರಿಂದ 20ಕ್ಕೆ 20. ಖರ್ಚು ಕಳೆದು ಅಫಿಲಿಯೇಟ್ ಆದಾಯ 10 ಲಕ್ಷ ಇರುವ ಒಬ್ಬ, ತೋಟ ಇಲ್ಲ. ತೆರಿಗೆ 40,000 ಬರುತ್ತದೆ. 12 ಲಕ್ಷದೊಳಗಿನ ಆದಾಯಕ್ಕೆ 60,000ದವರೆಗೆ ರಿಬೇಟ್ ಇರುವುದರಿಂದ ಕಟ್ಟಬೇಕಾದ್ದು ಸೊನ್ನೆ. ಅದೇ 10 ಲಕ್ಷ ಇರುವ ಇನ್ನೊಬ್ಬ, ಅವನ ಹೆಸರಿನ ತೋಟದಿಂದ ನಿವ್ವಳ 8 ಲಕ್ಷ. ಈಗ ಕೂಡಿಸಿದ 18 ಲಕ್ಷಕ್ಕೆ ತೆರಿಗೆ 1,60,000. ತೋಟದ 8 ಲಕ್ಷಕ್ಕೆ ಕನಿಷ್ಠ ಮಿತಿಯ 4 ಲಕ್ಷ ಸೇರಿಸಿ 12 ಲಕ್ಷ, ಅದರ ತೆರಿಗೆ 60,000. ಇದನ್ನು ಅದರಿಂದ ಕಳೆದರೆ 1,00,000. ರಿಬೇಟ್ 60,000 ಹೋಗಿ 40,000. ಅದರ ಮೇಲೆ 4 ಪರ್ಸೆಂಟ್ ಸೆಸ್ ಸೇರಿ 41,600 ರೂಪಾಯಿ. ಕಮಿಷನ್ ಒಂದೇ, ಕೆಲಸ ಒಂದೇ, ಒಬ್ಬನಿಗೆ ಸೊನ್ನೆ, ಇನ್ನೊಬ್ಬನಿಗೆ 41,600.

ಇದು ಅನ್ಯಾಯ ಅಂತ ನಾನು ಹೇಳುವುದಿಲ್ಲ. ಎರಡೂ ಕಡೆಯಿಂದ ಆದಾಯ ಇರುವವ ಸ್ವಲ್ಪ ಜಾಸ್ತಿ ಕೊಡುವುದು ಸರಿಯೇ. '12 ಲಕ್ಷದವರೆಗೆ ಟ್ಯಾಕ್ಸೇ ಇಲ್ವಲ್ಲ' ಅಂತ ನಂಬಿ ಕೂತ ತೋಟದ ಮನೆಯವರಿಗೆ ಇದು ಗೊತ್ತಿರಬೇಕು ಅನ್ನುವುದಷ್ಟೇ ನನ್ನ ಕಳಕಳಿ. ಇಲ್ಲಿ ಪಹಣಿ ಯಾರ ಹೆಸರಲ್ಲಿದೆ, ಆದಾಯ ನಿಜಕ್ಕೂ ಯಾರದ್ದು ಅನ್ನುವುದು ಮುಖ್ಯ. ತೋಟ ಅಪ್ಪಯ್ಯನದ್ದಾಗಿದ್ದರೆ ಮಗನ ಕಮಿಷನ್ನಿಗೆ ಅದು ಸೇರುವುದಿಲ್ಲ. ಅವಿಭಕ್ತ ಕುಟುಂಬದ ತೋಟವಾಗಿದ್ದರೆ ಅದರ ಲೆಕ್ಕವೇ ಬೇರೆ. ಕೃಷಿ ಆದಾಯ 5,000 ದಾಟಿದರೆ ಸರಳವಾದ ಐಟಿಆರ್-4 ಬಳಸಲು ಬರುವುದಿಲ್ಲ. 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್ ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆಯಾಶ್ರಯವೋ, ಎಲ್ಲ ಬರೆಯಬೇಕು. ಸೊಸೈಟಿಯಲ್ಲಿ ಅಡಿಕೆ ಹಾಕಿದ ಪಟ್ಟಿ, ಗೊಬ್ಬರ ಮತ್ತು ಅಡಿಕೆ ಗೊನೆ ಕೊಯ್ಲಿನ ಕೂಲಿಯ ಲೆಕ್ಕ ಇಟ್ಟುಕೊಂಡರೆ ನಿವ್ವಳ ಎಷ್ಟು ಅಂತ ತೋರಿಸುವುದು ಸುಲಭ.

ಕಂಪನಿಯವರು ಪರೀಕ್ಷೆಗೆ ಅಂತ ಕಳಿಸುವ ಮಷೀನುಗಳಿಗೂ ತೆರಿಗೆ ಇದೆ. 2022ರ ಜುಲೈ 1ರಿಂದ ಸೆಕ್ಷನ್ 194ಆರ್ ಬಂತು. ವರ್ಷಕ್ಕೆ 20,000 ಮೀರಿದ ಉಚಿತ ವಸ್ತುವಿನ ಬೆಲೆಗೆ 10 ಪರ್ಸೆಂಟ್ ಟಿಡಿಎಸ್. ವಸ್ತುವನ್ನು ವಾಪಸ್ ಕೊಟ್ಟರೆ ಇಲ್ಲ, ಇಟ್ಟುಕೊಂಡರೆ ಅದು ಆದಾಯ. ನಾನು ವಾಪಸ್ ಕಳಿಸುತ್ತೇನೆ. ಬರೆಯುವಾಗ ಮನಸ್ಸಿಗೂ ಅದು ಹಗುರ.

ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ಕಂಪನಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ಹೊರ ರಾಜ್ಯಕ್ಕೆ ಸೇವೆ ಕೊಡುವ ಸಣ್ಣವರಿಗೆ 2017ರ ಅಕ್ಟೋಬರ್‌ನಲ್ಲೇ ನೋಂದಣಿಯಿಂದ ವಿನಾಯಿತಿ ಸಿಕ್ಕಿದೆ. ಆದರೆ 20 ಲಕ್ಷದ ಲೆಕ್ಕ ಪ್ಯಾನ್ ಮೇಲೆ. ಗೋಕರ್ಣದಲ್ಲೋ ದಾಂಡೇಲಿಯಲ್ಲೋ ಹೋಮ್‌ಸ್ಟೇ ಇಟ್ಟುಕೊಂಡು ಪಕ್ಕದಲ್ಲಿ ಲಿಂಕ್ ಹಾಕುವವರು ಎರಡನ್ನೂ ಕೂಡಿಸಬೇಕು. ಪೇಟೆಯ ಅಂಗಡಿ ಬಾಡಿಗೆ ಬರುತ್ತಿದ್ದರೆ ಅದನ್ನೂ. ಮಿತಿ ದಾಟಿದ ಮೇಲೆ ಒಪ್ಪಂದದಲ್ಲಿ ಕಮಿಷನ್ 'ತೆರಿಗೆ ಸೇರಿ' ಅಂತಿದೆಯೋ 'ತೆರಿಗೆ ಹೊರತು' ಅಂತಿದೆಯೋ ಓದಿ. ತೆರಿಗೆ ಸೇರಿ ಅಂತಿದ್ದರೆ 20 ಲಕ್ಷದಲ್ಲಿ 3 ಲಕ್ಷಕ್ಕೂ ಜಾಸ್ತಿ ನಮ್ಮ ಕೈಯಿಂದಲೇ ಹೋಗುತ್ತದೆ. ಈ ಒಂದು ಪದಕ್ಕಾಗಿ ಮೇಲ್ ಬರೆದು ಕೇಳುವುದಕ್ಕೆ ಸಂಕೋಚ ಬೇಡ.

ವಿದೇಶದ ನೆಟ್‌ವರ್ಕಿನಿಂದ ಬರುವ ಕಮಿಷನ್ನಿಗೆ ಇನ್ನೊಂದು ತೊಡಕಿತ್ತು. ಅದನ್ನು ಸೇವೆಯ ರಫ್ತು ಅಂತ ಹಿಡಿದರೆ ಜಿಎಸ್‌ಟಿ ಸೊನ್ನೆ, ಮಧ್ಯವರ್ತಿಯ ಸೇವೆ ಅಂತ ಹಿಡಿದರೆ 18 ಪರ್ಸೆಂಟ್. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಮಧ್ಯವರ್ತಿಯ ಆ ಕಲಮನ್ನೇ ತೆಗೆಯಲು ಶಿಫಾರಸು ಮಾಡಿತು. ಇದು ಬಹಳ ತಡವಾಗಿ ಬಂದ ಒಳ್ಳೆಯ ಮಾತು.

ಯೂಟ್ಯೂಬಿನಲ್ಲೂ ಇರುವವರಿಗೆ 2021ರಿಂದ ಅಮೆರಿಕದ ಟ್ಯಾಕ್ಸ್ ಫಾರಂ ತುಂಬುವ ಕೆಲಸ ಸೇರಿಕೊಂಡಿತು. ಅಲ್ಲಿನ ವೀಕ್ಷಕರಿಂದ ಬರುವ ಜಾಹೀರಾತಿನ ಪಾಲಿನಲ್ಲಿ 15 ಪರ್ಸೆಂಟ್ ಅಲ್ಲೇ ಹಿಡಿಯುತ್ತಾರೆ. ನಮ್ಮ ಊರಿನವರು ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ, ಊರಿನ ವಿಡಿಯೋಗಳನ್ನು ಪ್ರೀತಿಯಿಂದ ನೋಡುತ್ತಾರೆ. ಹಾಗಾಗಿ ಈ ಪಾಲು ಸೊನ್ನೆಯಲ್ಲ. ಫಾರಂ 67 ಹಾಕಿ ಇಲ್ಲಿನ ತೆರಿಗೆಯಲ್ಲಿ ಅದನ್ನು ಕಳೆಯಬಹುದು. ಇಲ್ಲಿ ತೆರಿಗೆಯೇ ಸೊನ್ನೆ ಇರುವವರಿಗೆ ಮಾತ್ರ ಕಳೆಯಲು ಏನೂ ಇರುವುದಿಲ್ಲ, ಅಲ್ಲಿ ಕೊಟ್ಟದ್ದು ಹೋದ ಹಾಗೆಯೇ. ಇಲ್ಲೂ ಪೆಟ್ಟು ಬೀಳುವುದು ಕಡಿಮೆ ಗಳಿಸುವವರಿಗೆ, ನೋಡಿ.

ತೆರಿಗೆ ನಮ್ಮ ಮೇಲೆ ಹಾಕದೆಯೂ ನಮ್ಮ ದುಡಿಮೆಯನ್ನು ನಿಲ್ಲಿಸಬಹುದು ಅನ್ನುವುದಕ್ಕೆ ಅಮೆರಿಕದ್ದೇ ಕಥೆ ಇದೆ. 2008ರಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಕಾಯ್ದೆ ತಂದಿತು. ರಾಜ್ಯದೊಳಗಿನ ಅಫಿಲಿಯೇಟ್‌ಗಳಿಂದ ವ್ಯಾಪಾರ ಪಡೆಯುವ ಆನ್‌ಲೈನ್ ಅಂಗಡಿ ಆ ರಾಜ್ಯದಲ್ಲೇ ಇದೆ ಅಂತ ಹಿಡಿದು, ಮಾರಾಟ ತೆರಿಗೆ ವಸೂಲು ಮಾಡಬೇಕು ಅಂದಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. 2011ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಹಾಗೆ ಮಾಡಿದಾಗ ಅಮೆಜಾನ್ ಅಲ್ಲಿನ ಅಫಿಲಿಯೇಟ್ ಖಾತೆಗಳನ್ನೇ ಮುಚ್ಚಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರದ ಜೊತೆ ರಾಜಿಯಾದ ಮೇಲೆ ಮತ್ತೆ ಸೇರಿಸಿಕೊಂಡಿತು. ಇಲಿನಾಯ್‌ನ ಇಂಥದ್ದೇ ಕಾಯ್ದೆಯನ್ನು 2013ರಲ್ಲಿ ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2018ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ತೆರಿಗೆ ವಸೂಲಿಗೆ ಅಂಗಡಿ ಆ ರಾಜ್ಯದಲ್ಲಿ ಇರಲೇಬೇಕೆಂದಿಲ್ಲ ಅಂತ ಹೇಳಿದ ಮೇಲೆ ಈ ಜಗಳಕ್ಕೆ ಅರ್ಥ ಉಳಿಯಲಿಲ್ಲ. ಆ ಹತ್ತು ವರ್ಷ ದೊಡ್ಡ ಕಂಪನಿಗೂ ಸರ್ಕಾರಕ್ಕೂ ನಡೆದ ಹಗ್ಗಜಗ್ಗಾಟದಲ್ಲಿ ಹಗ್ಗವಾಗಿದ್ದವರು ಮನೆಯಲ್ಲಿ ಕೂತು ಬರೆಯುತ್ತಿದ್ದ ನಮ್ಮಂಥವರು. ತೆರಿಗೆ ಕಾಯ್ದೆ ಬರೆಯುವವರು ನಮ್ಮನ್ನು ಮನಸ್ಸಿನಲ್ಲಿಟ್ಟು ಬರೆಯಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ನಮ್ಮಲ್ಲಿ ಅದು ಶುರುವಾಗಿದೆ ಅನ್ನುವ ಗುರುತುಗಳೂ ಇವೆ. 2025ರಲ್ಲಿ ಹಾಕಿದ ರಿಟರ್ನ್ ಫಾರಂಗಳಲ್ಲಿ ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್‌ಗಳಿಗೆ ಅಂತಲೇ ಬೇರೆ ಕೋಡ್ ಬಂತು. ನಮ್ಮ ಕೆಲಸ ಇಲಾಖೆಯ ಕಣ್ಣಿಗೆ ಬಿದ್ದಿದೆ ಅಂದ ಮೇಲೆ, ಅದರ ಅಳತೆಗೆ ತಕ್ಕ ನಿಯಮವನ್ನೂ ಕೇಳಬಹುದು, ಅಲ್ವಾ?

ಬಜೆಟ್‌ಗೆ ಮುಂಚೆ ಹಣಕಾಸು ಸಚಿವಾಲಯ ಜನರಿಂದ ಸಲಹೆ ಕೇಳುತ್ತದೆ. ಸರ್ಕಾರದ ಮೈಗವ್ ಜಾಲತಾಣದಲ್ಲಿ ಯಾರು ಬೇಕಾದರೂ ಬರೆಯಬಹುದು. ನಾನು ಬರೆದದ್ದು ಇಷ್ಟೇ. ವರ್ಷಕ್ಕೆ 20 ಲಕ್ಷದೊಳಗೆ ಕಮಿಷನ್ ಬರುವ, ಅದೆಲ್ಲವೂ ಬ್ಯಾಂಕ್ ಮೂಲಕವೇ ಬರುವ ಒಬ್ಬ ವ್ಯಕ್ತಿಗೆ, ವೃತ್ತಿಯವರಿಗೆ ಕೊಟ್ಟ ಹಾಗೆ ಅರ್ಧವನ್ನು ಲಾಭ ಅಂತ ತೋರಿಸುವ ಆಯ್ಕೆ ಕೊಡಿ. ನಿಜವಾದ ಖರ್ಚಿನ ಲೆಕ್ಕ ಇಡುವವರಿಗೆ ಈಗಿನ ದಾರಿಯೂ ಇರಲಿ. ಮುಂಗಡ ತೆರಿಗೆ ಮಾರ್ಚ್‌ನಲ್ಲಿ ಒಂದೇ ಸಲ ಕಟ್ಟಲು ಬಿಡಿ. ಕೃಷಿ ಆದಾಯ ಇದೆ ಅನ್ನುವ ಒಂದೇ ಕಾರಣಕ್ಕೆ ಸರಳ ಫಾರಂನಿಂದ ಹೊರಗಿಡಬೇಡಿ, ಅದೇ ಫಾರಂನಲ್ಲಿ ಎರಡು ಸಾಲು ಜಾಸ್ತಿ ಕೊಡಿ, ತುಂಬುತ್ತೇವೆ. ಈ ಕೆಲಸದಲ್ಲಿರುವ ಬೇರೆಯವರೂ ತಮ್ಮ ಲೆಕ್ಕವನ್ನು ಹಾಕಿ, ತಮ್ಮ ಮಾತಿನಲ್ಲೇ ಬರೆದು ಕಳಿಸಿ.